ಮಿಲಾನಿನ ಹುರಿ

ನಂಜನಗೂಡಿನ ರೇಷ್ಮೆ ವ್ಯಾಪಾರಿ ಶಿವಮಲ್ಲಪ್ಪನವರು ಸಮುದ್ರ ದಾಟಿ ಹೋಗುತ್ತಾರಂತೆ ಎಂಬ ಸುದ್ದಿ ಮೂಗೂರಿಗೆ ಮುಟ್ಟಿದ್ದು ಸಾವಿರದ ಒಂಬೈನೂರ ಆರನೆಯ ಇಸವಿಯ ಮಾಘ ಮಾಸದಲ್ಲಿ. ಕೇಳಿದವರಲ್ಲಿ ಕೆಲವರು ಜಾತಿ ಕೆಡುವ ಮಾತಾಡಿದರು, ಕೆಲವರು ಹಡಗು ಮುಳುಗುವ ಮಾತಾಡಿದರು. ವೆಂಕಟಮ್ಮ ಮಾತ್ರ ಒಲೆಯ ಮುಂದೆ ಕೂತಲ್ಲಿಂದಲೇ ತಲೆಯೆತ್ತಿ, "ಅದ್ಯಾಕಂತೆ ಓಯ್ತಿರಾದು?" ಎಂದಳು.

ಅವಳ ಸ್ವಭಾವವೇ ಹಾಗೆ. ನಲವತ್ತು ದಾಟಿದ ಹೆಂಗಸು. ಮದುವೆಯಾಗಿ ಬಂದಂದಿನಿಂದ ರೇಷ್ಮೆಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುವುದೇ ಅವಳ ಕೆಲಸ. ತಾಮ್ರದ ಬೋಗುಣಿಯಲ್ಲಿ ಕುದಿಯುವ ಗೂಡುಗಳಿಂದ ಎಳೆ ಹುಡುಕಿ, ಹತ್ತು ಹನ್ನೆರಡು ಎಳೆಗಳನ್ನು ಒಂದು ಮಾಡಿ, ತೂತಿನ ತಗಡಿನೊಳಗೆ ತೂರಿಸಿ ಬಿಟ್ಟರೆ, ಎದುರಿಗೆ ಗಂಡ ಹುಚ್ಚಯ್ಯ ರಾಟೆ ತಿರುಗಿಸುತ್ತಿದ್ದ. ಇಪ್ಪತ್ತೈದು ವರ್ಷದಿಂದ ಗಂಡ ಹೆಂಡತಿ ಹೀಗೆ ಎದುರುಬದುರು ಕೂತಿದ್ದರು. ಅವಳು ಕೇಳುತ್ತಿದ್ದಳು, ಅವನು ತಿರುಗಿಸುತ್ತಿದ್ದ. ಹುಳು ತನ್ನ ಮನೆಯನ್ನು ತಾನೇ ಮುಚ್ಚಿಕೊಳ್ಳುವಾಗ ಒಳಗೆ ಉಸಿರು ಹೇಗೆ ಆಡುತ್ತದೆ? ಕಪಿಲೆ ಹೊಳೆಯ ನೀರಿಗೂ ಬಾವಿ ನೀರಿಗೂ ನೂಲಿನ ಹೊಳಪು ಯಾಕೆ ಬೇರೆ? ಹುಚ್ಚಯ್ಯ ಯಾವುದಕ್ಕೂ ಉತ್ತರ ಹೇಳಿದವನಲ್ಲ. ಆದರೆ ಒಂದು ದಿನವೂ "ಬಾಯ್ಮುಚ್ಚು" ಎಂದವನೂ ಅಲ್ಲ.

ಮುಂದಿನ ವಾರ ಶಿವಮಲ್ಲಪ್ಪನವರೇ ಗಾಡಿ ಕಟ್ಟಿಸಿಕೊಂಡು ಮೂಗೂರಿಗೆ ಬಂದರು. ದುಂಡು ಮುಖ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, "ವೆಂಕಟಮ್ಮ, ನಿನ್ನ ಕೈಯಿಂದ ನನಗೊಂದು ಲಡಿ ನೂಲು ಬೇಕಲ್ಲ. ಇರೋದರಲ್ಲೆಲ್ಲ ಸಣ್ಣದು, ನಯವಾದ್ದು," ಎಂದರು.

"ಅದ್ಕೇನು ಸಾವ್ಕಾರ್ರೆ, ಕೊಡ್ತೀನಿ. ಅದೇನೋ ದೂರ ದೇಶಕ್ಕೆ ಓಯ್ತೀರಂತಲ್ಲ?"

"ಇಟಲಿ ಅಂತ ದೇಶ, ಅಲ್ಲಿ ಮಿಲಾನ್ ಅಂತ ಪಟ್ಟಣ. ದೊಡ್ಡ ಬೆಟ್ಟಕ್ಕೆ ಹನ್ನೆರಡು ಮೈಲಿ ಉದ್ದ ತೂತು ಕೊರೆದು, ಅದರೊಳಗೆ ರೈಲು ಬಿಟ್ಟವ್ರೆ. ಆ ಸಂಭ್ರಮಕ್ಕೆ ಲೋಕದಲ್ಲಿರೋ ಸಾಮಾನೆಲ್ಲ ಒಂದು ಕಡೆ ತಂದಿಟ್ಟು ತೋರಿಸ್ತಾರಂತೆ. ಬೆಂಗಳೂರು ದಂಡಿನ ಒಂದು ಕಂಪನಿಯೋರು ನಮ್ಮ ಕಡೆ ರೇಷ್ಮೆ ತಗೊಂಡು ಹೋಗ್ತಾವ್ರೆ. ಅದರ ಜೊತೆ ಇದ್ದು ನೋಡ್ಕೊಳ್ಳೋಕೆ ರೇಷ್ಮೆ ಬಲ್ಲೋನು ಒಬ್ಬ ಬೇಕು ಅಂತ ನನ್ನ ಕರೆದ್ರು."

"ಅಂಗಾರೆ ಸಂತೆ ಅನ್ನಿ."

"ಸಂತೆ ಅಲ್ಲಮ್ಮ. ಅಲ್ಲಿ ತೂಗಿ ಕೊಡೋದಿಲ್ಲ, ಬರೀ ತೋರಿಸೋದು. ಅದಕ್ಕೆ ಅಂತಲೇ ದಂಡಿನೋರು ಕವಾಯತು ಮಾಡೋ ಬಯಲಲ್ಲಿ ಮನೆಗಳು ಕಟ್ಟವ್ರಂತೆ. ಒಂದೊಂದು ಮನೆ ನಮ್ಮ ನಂಜುಂಡೇಶ್ವರನ ಗುಡಿಯಷ್ಟು ಉದ್ದ."

ವೆಂಕಟಮ್ಮ ಸೆರಗಿಗೆ ಕೈ ಒರೆಸಿಕೊಂಡು ಜಗಲಿಯ ಅಂಚಿಗೆ ಬಂದು ಕೂತಳು. "ಆ ಊರ್ನಾಗೆ ರೇಸ್ಮೆ ಇಲ್ವಾ?"

"ಇಲ್ವಾ ಅಂದ್ರೆ! ಲೋಕಕ್ಕೆಲ್ಲ ಒಳ್ಳೆ ನೂಲು ಅಂದ್ರೆ ಅವರದೇ ಅಂತಾರೆ."

"ಮತ್ತೆ ನಮ್ಮದ್ನ ಯಾಕೆ ಒತ್ಕಂಡು ಓಯ್ತೀರಿ?"

ಶಿವಮಲ್ಲಪ್ಪನವರು ನಕ್ಕುಬಿಟ್ಟರು. ಅವಳು ನಗಲಿಲ್ಲ. ಒಳಗೆ ಹೋಗಿ, ಮಡಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಳದಿ ಲಡಿಯೊಂದನ್ನು ತಂದು ಅವರ ಮುಂದಿಟ್ಟಳು. ಆಮೇಲೆ ಹೇಳಿದಳು:

"ನನ್ಗೊಂದು ಕೆಲ್ಸ ಮಾಡ್ಕಂಡು ಬನ್ನಿ ಸಾವ್ಕಾರ್ರೆ. ನಮ್ ನೂಲು ಒಣಗ್ದಾಗ ಚಪ್ಪಟೆ ಆಯ್ತದೆ, ರಾಟೆ ಮ್ಯಾಲೆ ಒಂದ್ಕೊಂದು ಅಂಟ್ಕತದೆ. ಅವರ್ದು ಒಳ್ಳೇದು ಅಂತೀರಲ್ಲ, ಅವ್ರ ಎಂಗಸ್ರು ಎಂಗೆ ತೆಗೀತಾರೆ ಅಂತ ಕಣ್ಣಾರೆ ನೋಡ್ಕಂಡು ಬನ್ನಿ. ಅರಮನೆ ಪರಮನೆ ನೋಡ್ಬ್ಯಾಡಿ. ಒಲೆ ನೋಡಿ."

ಫಾಲ್ಗುಣದಲ್ಲಿ ಶಿವಮಲ್ಲಪ್ಪನವರು ನಂಜನಗೂಡಿನಲ್ಲಿ ರೈಲು ಹತ್ತಿದರು. ಅಲ್ಲಿಂದಾಚೆಗೆ ಮೂಗೂರಿನಲ್ಲಿ ವೆಂಕಟಮ್ಮನ ಪ್ರಶ್ನೆಗಳು ಒಂದೇ ದಿಕ್ಕಿಗೆ ಹರಿಯತೊಡಗಿದವು. ಈಗ ಎಲ್ಲಿರಬಹುದು? ಮಾರದೇ ಬರೀ ತೋರಿಸುವ ಊರಿನಲ್ಲಿ ನೋಡುವವರು ಏನು ಕೇಳುತ್ತಾರೆ? ನೂಲನ್ನು ಮುಟ್ಟಲು ಬಿಡುತ್ತಾರೋ, ದೇವರಂತೆ ದೂರದಿಂದಲೇ ತೋರಿಸುತ್ತಾರೋ? ಮುಟ್ಟದೆ ನೂಲಿನ ಗುಣ ತಿಳಿಯುವುದು ಹೇಗೆ? ಹುಚ್ಚಯ್ಯ ರಾಟೆ ತಿರುಗಿಸುತ್ತಾ ಒಂದು ಸಲ ಮಾತ್ರ, "ಬಂದ್ಮ್ಯಾಲೆ ಕೇಳಿದ್ರಾಯ್ತು ಕಣಮ್ಮಿ," ಎಂದ.

ಶ್ರಾವಣದಲ್ಲಿ ನರಸೀಪುರದ ತಾಲ್ಲೂಕು ಕಚೇರಿಯಿಂದ ಒಂದು ಸುದ್ದಿ ಬಂತು. ಮಿಲಾನಿನ ಆ ಪ್ರದರ್ಶನದ ಮನೆಗಳಿಗೆ ಬೆಂಕಿ ಬಿದ್ದು ಸುಟ್ಟುಹೋಗಿವೆ ಎಂದು ಪತ್ರಿಕೆಯಲ್ಲಿ ಬಂದಿದೆಯಂತೆ. ಯಾವ ಮನೆ, ಎಷ್ಟು ಜನ, ಯಾರಿಗೂ ಗೊತ್ತಿಲ್ಲ. ವೆಂಕಟಮ್ಮ ಅಂದೇ ಗಾಡಿ ಹೂಡಿಸಿ ಗಂಡನೊಂದಿಗೆ ನಂಜನಗೂಡಿಗೆ ಹೋದಳು. ಶಿವಮಲ್ಲಪ್ಪನವರ ಹೆಂಡತಿ ಮಂಗಳಮ್ಮ ಪೂಜೆ ಕೋಣೆಯ ಬಾಗಿಲಲ್ಲೇ ಕೂತಿದ್ದಳು. ಎರಡು ದಿನದಿಂದ ಊಟ ಮಾಡಿರಲಿಲ್ಲ.

"ನಾ ಬೇಡ ಅಂದೆ ವೆಂಕಟಮ್ಮ. ನನ್ನ ಮಾತು ಯಾರು ಕೇಳ್ತಾರೆ?"

ವೆಂಕಟಮ್ಮನಿಗೆ ನೆನಪಾಯಿತು: ಒಲೆ ನೋಡಿ ಬನ್ನಿ ಎಂದು ಕಳಿಸಿದವಳು ತಾನು. ಅವಳು ಮಂಗಳಮ್ಮನ ಪಕ್ಕ ಕೂತು, ಸಾರು ಅನ್ನ ಕಲಸಿ, ನಾಲ್ಕು ತುತ್ತು ತಿನ್ನಿಸಿದಳು. "ಮನೆಗೋಳು ಭಾಳ ಅವೆ ಅಂದಿದ್ರು ಸಾವ್ಕಾರ್ರು, ನಮ್ಮವ್ವ. ಎಲ್ಲಾನೂ ಉರ್ದಿರಾಕಿಲ್ಲ," ಎಂದಳು. ಹೇಳುವಾಗ ತನಗೇ ನಂಬಿಕೆ ಇರಲಿಲ್ಲ. ಅಲ್ಲೇ ನಾಲ್ಕು ದಿನ ಉಳಿದಳು.

ಭಾದ್ರಪದದಲ್ಲಿ ಶಿವಮಲ್ಲಪ್ಪನವರ ಕಾಗದ ಬಂತು. ಸುಟ್ಟದ್ದು ಚಿತ್ರ, ಕುಸುರಿ ಕೆಲಸ ಇಟ್ಟಿದ್ದ ಬೇರೆ ಮನೆ. ರೇಷ್ಮೆ ಇದ್ದದ್ದು ಇನ್ನೊಂದು ಕಡೆ. ತಾವು ಕ್ಷೇಮ. ಕೊನೆಗೆ ಒಂದು ಸಾಲು: "ಮೂಗೂರಿನ ವೆಂಕಟಮ್ಮನಿಗೆ ತಿಳಿಸುವುದು, ಒಲೆ ನೋಡಿದ್ದೇನೆ."

ಆ ಒಂದು ಸಾಲನ್ನು ಹೊತ್ತುಕೊಂಡು ಅವಳು ಮೂರು ತಿಂಗಳು ಕಾದಳು.

ಮಾರ್ಗಶಿರದಲ್ಲಿ ಶಿವಮಲ್ಲಪ್ಪನವರು ಹಿಂತಿರುಗಿದರು. ಮೈ ಸ್ವಲ್ಪ ಇಳಿದಿತ್ತು. ಮಠಕ್ಕೆ ಹೋಗಿ ಸ್ವಾಮಿಗಳ ಪಾದ ಹಿಡಿದು ಬಂದ ಮೇಲೆ ಜಾತಿಯ ಮಾತು ತಣ್ಣಗಾಯಿತು. ಅವರ ಪಡಸಾಲೆ ದಿನವೂ ಕೇಳುವವರಿಂದ ತುಂಬಿರುತ್ತಿತ್ತು. ವೆಂಕಟಮ್ಮ ಗಂಡನೊಂದಿಗೆ ಹೋದ ದಿನವೂ ಹದಿನೈದು ಜನ ಕೂತಿದ್ದರು. ಶಿವಮಲ್ಲಪ್ಪನವರು ನೆಲದಿಂದ ಎರಡಾಳು ಎತ್ತರದಲ್ಲಿ ಕಂಬಗಳ ಮೇಲೆ ಓಡುವ ರೈಲಿನ ಬಗ್ಗೆ ಹೇಳಿದರು. ಅದಕ್ಕೆ ಇದ್ದಿಲೂ ಇಲ್ಲ, ಹೊಗೆಯೂ ಇಲ್ಲ. ಗಾಜಿನ ಗೋಡೆಯ ಹಿಂದೆ ಸಮುದ್ರದ ಮೀನುಗಳನ್ನು ಇಟ್ಟ ಮನೆಯ ಬಗ್ಗೆ ಹೇಳಿದರು. ಬೆಟ್ಟದ ತೂತಿನ ಬಾಯನ್ನೇ ಅಲ್ಲಿ ಇನ್ನೊಂದು ಸಲ ಕಟ್ಟಿ ನಿಲ್ಲಿಸಿದ್ದರಂತೆ, ಒಳಗೆ ಹೋದರೆ ಕೊರೆಯುವವರು ಕೆಲಸ ಮಾಡುತ್ತಿರುವಂತೆಯೇ ಕಾಣುತ್ತಿತ್ತಂತೆ.

ವೆಂಕಟಮ್ಮ ಮೀನಿನವರೆಗೂ ತಡೆದುಕೊಂಡಳು. ಬೆಟ್ಟದ ತೂತು ಬಂದಾಗ ತಡೆಯಲಾಗಲಿಲ್ಲ.

"ಒಲೆ ಯೋಳಿ ಸಾವ್ಕಾರ್ರೆ."

ಕೂತವರು ನಕ್ಕರು. ಶಿವಮಲ್ಲಪ್ಪನವರು ಮಾತ್ರ ನಗದೆ, "ಹೇಳ್ತೀನಿ ಇರು," ಎಂದು ಎಲ್ಲರೂ ಹೋಗುವವರೆಗೆ ಅವಳನ್ನು ಕೂರಿಸಿಕೊಂಡರು.

"ಕೆಲಸ ಮಾಡಿ ತೋರಿಸೋಕೇ ಅಂತ ಅಲ್ಲಿ ಒಂದು ದೊಡ್ಡ ಮನೆ. ಅದರಲ್ಲಿ ಬೋಗುಣಿಗಳು ಸಾಲಾಗಿ. ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು. ಕೆಳಗೆ ಬೆಂಕಿ ಇಲ್ಲ ವೆಂಕಟಮ್ಮ. ಎಲ್ಲೋ ಹಿಂದೆ ನೀರು ಕಾಯಿಸಿ ಕೊಳವೆಯಲ್ಲಿ ಆವಿ ಬಿಡ್ತಾರೆ. ರಾಟೆ ತಿರುಗಿಸೋಕೆ ಗಂಡಸರೂ ಇಲ್ಲ, ಯಂತ್ರವೇ ತಿರುಗಿಸ್ತದೆ."

ಮೂಲೆಯಲ್ಲಿ ಕೂತಿದ್ದ ಹುಚ್ಚಯ್ಯ, "ಅಂಗಾರೆ ಗಂಡಸ್ರು ಏನ್ಮಾಡ್ತಾರೆ?" ಎಂದು ಕೇಳಿದ.

"ನಾನು ದಿನಾ ಹೋಗಿ ನಿಂತ್ಕೊಳ್ತಿದ್ದೆ. ಅವರ ಮಾತು ನನಗೆ ಬರಾಕಿಲ್ಲ, ನನ್ನ ಮಾತು ಅವರಿಗೆ ಬರಾಕಿಲ್ಲ. ಬಾಗಿಲಿಂದ ಮೂರನೇ ಬೋಗುಣಿ ಮುಂದೆ ಒಬ್ಬಳು ನರೆತ ಕೂದಲಿನೋಳು. ಅವಳ ಬೆರಳು ನೋಡಿದೆ. ಬಿಸಿನೀರಲ್ಲಿ ಬೆಂದು ಬೆಳ್ಳಗಾಗಿ ಬಿರುಕು ಬಿಟ್ಟಿದ್ವು. ಇದೇ ಕೈ," ಎಂದು ಅವರು ವೆಂಕಟಮ್ಮನ ಬೆರಳು ತೋರಿಸಿದರು. "ಅದಕ್ಕೆ ಒಂದು ದಿನ ನಿನ್ನ ಲಡಿ ತಗೊಂಡು ಹೋಗಿ ಅವಳ ಮುಂದೆ ಹಿಡಿದೆ."

ವೆಂಕಟಮ್ಮ ಮುಂದಕ್ಕೆ ಸರಿದಳು. "ಮುಟ್ಟಿದ್ಲಾ?"

"ಮುಟ್ಟಿದ್ಲಾ ಅಂತೀಯಲ್ಲ! ಒಂದು ಎಳೆ ಎಳೆದು ನಾಲಿಗೆಗೆ ಹಚ್ಚಿ, ಬೆರಳಲ್ಲಿ ಹೊಸೆದು, ಮೂಸಿ ನೋಡಿದ್ಲು. ನಿನ್ನ ನೂಲು ಅಷ್ಟು ಸಣ್ಣ ಇರೋದಕ್ಕೆ ಮೆಚ್ಚಿ ತಲೆ ಹೀಗೆ ಆಡಿಸಿದ್ಲು. ಆಮೇಲೆ ಎಳೇನ ಉಗುರಿನ ಮೇಲಿಟ್ಟು ಒತ್ತಿ ತೋರಿಸಿದ್ಲು, ಚಪ್ಪಟೆ ಅಂತ. ನೀ ಹೇಳಿದ್ದೇ ಮಾತು. ನಾನು ಹೇಗೆ ಅಂತ ಕೈ ಆಡಿಸಿದೆ. ಅವಳು ನನ್ನ ಎಲೆಡಿಕೆ ಚೀಲದ ದಾರ ಬಿಚ್ಕೊಂಡಳು. ನನ್ನ ಎರಡು ಬೆರಳು ಒಂದರ ಮೇಲೊಂದು ಹಿಡಿಸಿ, ದಾರಾನ ಅವೆರಡಕ್ಕೂ ಸುತ್ತಿ, ನಡುವೆ ಹುರಿ ಮಾಡಿದ್ಲು."

"ಎಂಗೆ ಉರಿ? ತೋರ್ಸಿ."

ಶಿವಮಲ್ಲಪ್ಪನವರು ಚೀಲದ ದಾರ ಬಿಚ್ಚಿದರು. ಬೆರಳಿಗೆ ಸುತ್ತಿದರು. ನಡುವೆ ತಿರುಚಿದರು. ಬಿಚ್ಚಿ ಮತ್ತೆ ಸುತ್ತಿದರು. ಮೂರನೆಯ ಸಲವೂ ದಾರ ಕಗ್ಗಂಟಾಯಿತು. ಅವರ ಮುಖ ಬೆವರಿತು.

"ನನಗೆ ಅಷ್ಟೇ ಜ್ಞಾಪಕ ವೆಂಕಟಮ್ಮ. ಅವಳ ಬೋಗುಣಿ ಮೇಲೂ ಎರಡು ಪುಟ್ಟ ಗಾಲಿ ಇದ್ವು, ಒಂದು ಮೇಲೆ, ಒಂದು ಕೆಳಗೆ. ನೂಲು ಅವುಗಳ ಮಧ್ಯೆ ಹುರಿಯಾಗಿ ಓಡ್ತಿತ್ತು. ಆ ಹುರಿಯಿಂದ ನೀರು ಹನಿಹನಿಯಾಗಿ ಹಾರ್ತಿತ್ತು, ನನ್ನ ಪೇಟದ ಮೇಲೂ ಬಿತ್ತು."

"ಒಂದೇ ನೂಲಾ? ಎಲ್ಡು ನೂಲ್ನ ಸೇರ್ಸಿ ಉರಿ ಮಾಡಾದಾ?"

"ನೋಡಲಿಲ್ಲವಲ್ಲ."

"ಎಷ್ಟು ಸುತ್ತು?"

"ಎಣಿಸಲಿಲ್ಲ."

"ಅವಳ ಎಸ್ರು?"

ಶಿವಮಲ್ಲಪ್ಪನವರು ದಾರವನ್ನು ಚೀಲಕ್ಕೆ ಕಟ್ಟುತ್ತಾ ತಲೆ ತಗ್ಗಿಸಿದರು. ಹೆಸರನ್ನೂ ಕೇಳಿರಲಿಲ್ಲ.

"ಏಳು ಸಮುದ್ರ ದಾಟಿ ಓಗಿ, ದಿನಾ ಮುಂದ್ಗಡೆ ನಿಂತ್ಕಂಡು, ಎಸ್ರು ಕೇಳ್ನಿಲ್ವಾ ಸಾವ್ಕಾರ್ರೆ!" ಎಂದಳು ವೆಂಕಟಮ್ಮ. ಬಾಗಿಲ ಮರೆಯಲ್ಲಿದ್ದ ಮಂಗಳಮ್ಮನಿಗೆ ನಗು ತಡೆಯಲಾಗಲಿಲ್ಲ.

ಮೂಗೂರಿಗೆ ಮರಳಿದ ಮಾರನೆಯ ದಿನ ಬೆಳಿಗ್ಗೆಯೇ ವೆಂಕಟಮ್ಮ ಬಡಗಿಯ ಮನೆಗೆ ಹೋಗಿ, ಹಾಲೆಮರದ ಎರಡು ಪುಟ್ಟ ಗಾಲಿ ಕಡೆಸಿದಳು. ಯಾವ ಮಗುವಿಗೆ ಆಟದ ಗಾಡಿ ಎಂದು ಬಡಗಿ ಕೇಳಿದ. "ನಂಗೇಯ," ಎಂದಳು. ಬೋಗುಣಿಯ ಪಕ್ಕ ಬಿದಿರಿನ ಕೋಲು ನೆಟ್ಟು, ಒಂದು ಗಾಲಿಯನ್ನು ಮೇಲೂ ಒಂದನ್ನು ಕೆಳಗೂ ಕಟ್ಟಿದಳು. ಗಾಲಿಯ ಅಚ್ಚಿಗೆ ಹರಳೆಣ್ಣೆ ಸವರಿದಳು.

ಮೊದಲು ಎರಡು ನೂಲು ತೆಗೆದು ಒಂದಕ್ಕೊಂದು ಹುರಿ ಹಾಕಿದಳು. ಹುಚ್ಚಯ್ಯ ಅರ್ಧ ಸುತ್ತು ತಿರುಗಿಸುವಷ್ಟರಲ್ಲಿ ಎರಡೂ ಕಿತ್ತವು. ಮತ್ತೆ ಹಾಕಿದಳು, ಮತ್ತೆ ಕಿತ್ತವು. ಒಂದು ಎಳೆ ಕಿತ್ತರೆ ಇನ್ನೊಂದನ್ನೂ ಎಳೆದುಕೊಂಡೇ ಹೋಗುತ್ತಿತ್ತು. ಐದು ದಿನ ಹೀಗೆ ನಡೆಯಿತು. ಕಿತ್ತ ನೂಲಿನ ರಾಶಿ ಒಲೆಯ ಮಗ್ಗುಲಲ್ಲಿ ಹಕ್ಕಿಗೂಡಿನಷ್ಟಾಯಿತು. ಅತ್ತೆ ಇದ್ದಿದ್ದರೆ ಬೈಯುತ್ತಿದ್ದಳು. ಹುಚ್ಚಯ್ಯ ಬೈಯಲಿಲ್ಲ, ಆದರೆ ಆರನೆಯ ದಿನ ರಾಟೆಯ ಹಿಡಿಕೆ ಬಿಟ್ಟು ಕೇಳಿದ:

"ಅಲ್ಲಮ್ಮಿ, ಸಾವ್ಕಾರ್ರ ಬೆರಳ್ಗೆ ಆ ಎಂಗ್ಸು ಎಷ್ಟು ದಾರ ಸುತ್ತಿದ್ಲು?"

"ಚೀಲದ ದಾರ. ಒಂದೇಯ."

"ಒಂದ್ರಲ್ಲೇ ಉರಿ ಆಗಿರ್ಬೇಕಲ್ಲ ಅಂಗಾರೆ."

ವೆಂಕಟಮ್ಮ ಗಂಡನ ಮುಖವನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಇಪ್ಪತ್ತೈದು ವರ್ಷದಲ್ಲಿ ಅವನು ಅವಳ ಪ್ರಶ್ನೆಯೊಂದಕ್ಕೆ ಕೊಟ್ಟ ಮೊದಲ ಉತ್ತರ ಅದು. ಎದ್ದು ಹೋಗಿ, ರಾಗಿ ಚೀಲದ ಬಾಯಿಗೆ ಕಟ್ಟಿದ್ದ ದಾರ ಬಿಚ್ಚಿ ತಂದಳು. ಅವನ ಎರಡು ಬೆರಳನ್ನು ಮೇಲೆ ಕೆಳಗೆ ಹಿಡಿಸಿದಳು. ದಾರ ಕೆಳಗಿನಿಂದ ಏರಿ ಮೇಲಿನ ಬೆರಳನ್ನು ಬಳಸಿತು. ಇಳಿದು ಬಂದು ಕೆಳಗಿನ ಬೆರಳನ್ನು ಬಳಸಿತು. ಮತ್ತೆ ಏರುವಾಗ, ಮೊದಲು ಏರಿದ್ದ ತನ್ನದೇ ಭಾಗಕ್ಕೆ ಸುತ್ತು ಹಾಕಿಕೊಂಡು ಆಚೆಗೆ ಹೋಯಿತು. ಅವಳು ತುದಿ ಹಿಡಿದು ಎಳೆದಳು. ದಾರ ಸರಸರನೆ ಓಡಿತು. ಹುರಿ ಇದ್ದಲ್ಲೇ ಇತ್ತು.

"ತನ್ಗೆ ತಾನೇ ಸುತ್ಕಂಡದೆ!" ಎಂದು ಕೂಗಿದಳು. "ಇನ್ನೊಂದು ನೂಲೇ ಬ್ಯಾಡ ಕಣಯ್ಯ, ತನ್ಗೆ ತಾನೇ!"

ಆದರೂ ಅಂದೇ ಸರಿಹೋಗಲಿಲ್ಲ. ಎಷ್ಟು ಸುತ್ತು ಎಂಬುದೇ ದೊಡ್ಡ ಪ್ರಶ್ನೆಯಾಗಿ ನಿಂತಿತು. ನೂರು ಸುತ್ತು ಹಾಕಿದರೆ ನೂಲು ಗಾಲಿಯ ಹತ್ತಿರವೇ ಕಿತ್ತುಬರುತ್ತಿತ್ತು. ಇಪ್ಪತ್ತು ಹಾಕಿದರೆ ಓಡುತ್ತಿತ್ತು, ಆದರೆ ಒಣಗಿದ ಮೇಲೆ ಹಳೆಯ ಚಪ್ಪಟೆಯೇ. ನೀರು ತಣಿದರೆ ಎಳೆ ಬಿಗಿಯುತ್ತಿತ್ತು, ಹೆಚ್ಚು ಕಾದರೆ ಗೂಡು ಒಂದೇ ಸಲಕ್ಕೆ ಬಿಟ್ಟುಕೊಂಡು ಗಂಟು ಬೀಳುತ್ತಿತ್ತು. ತಗಡಿನ ತೂತಿನ ಅಂಚು ನೂಲನ್ನು ಕೊಯ್ಯುತ್ತಿದೆ ಎಂದು ಅನುಮಾನ ಬಂದು, ಅದರ ಜಾಗಕ್ಕೆ ತನ್ನ ಹಳೇ ಸರದ ಗಾಜಿನ ಮಣಿಯೊಂದನ್ನು ಕೂರಿಸಿದಳು. ಪ್ರತಿ ಸಲವೂ ಅವಳು ನೂಲಿನ ಕಡೆ ನೋಡುತ್ತಿರಲಿಲ್ಲ, ಗಂಡನ ಮುಖದ ಕಡೆ ನೋಡುತ್ತಿದ್ದಳು.

"ಮೊಕದ ಮ್ಯಾಲೆ ನೀರಿನ ಅನಿ ಬಿತ್ತಾ?"

"ಇಲ್ಲ."

ಐದೈದು ಸುತ್ತು ಹೆಚ್ಚಿಸುತ್ತಾ ಹೋದಳು. ಸಂಕ್ರಾಂತಿ ಕಳೆದ ನಾಲ್ಕನೆಯ ದಿನ ಮಧ್ಯಾಹ್ನ, ಅರವತ್ತೈದು ಸುತ್ತಿನ ಹುರಿಗೆ ಹುಚ್ಚಯ್ಯ ರಾಟೆ ತಿರುಗಿಸುತ್ತಿದ್ದಾಗ ಕಣ್ಣು ಥಟ್ಟನೆ ಮುಚ್ಚಿಕೊಂಡ. ಮೂಗಿನ ಮೇಲೆ, ಹುಬ್ಬಿನ ಮೇಲೆ ಸಣ್ಣ ಸಣ್ಣ ಹನಿ. ಹುರಿ ನೀರನ್ನು ಹಿಂಡಿ ಚಿಮ್ಮಿಸುತ್ತಿತ್ತು. ಬಾಗಿಲಿನ ಬಿಸಿಲಿನಲ್ಲಿ ಆ ಹನಿಗಳು ಹಾರುವುದು ಅವಳಿಗೂ ಕಂಡಿತು.

"ನಿಲ್ಲಿಸ್ಬ್ಯಾಡ!" ಎಂದಳು. "ಸಾಯಂಕಾಲದ ಗಂಟ ನಿಲ್ಲಿಸ್ಬ್ಯಾಡ!"

ಒಣಗಿದ ಲಡಿಯನ್ನು ಮಾರನೆಯ ದಿನ ಬಿಸಿಲಿಗೆ ಹಿಡಿದು ನೋಡಿದಳು. ಎಳೆಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿದ್ದವು. ಉಗುರಿನ ಮೇಲಿಟ್ಟು ಒತ್ತಿದರೆ ಉರುಳಿತು. ಅವಳು ಎಷ್ಟು ಹೊತ್ತು ಹಾಗೆ ಅದನ್ನು ಉಗುರಿನ ಮೇಲೆ ಉರುಳಿಸುತ್ತಾ ನಿಂತಿದ್ದಳೋ, ಒಲೆಯ ಬೆಂಕಿ ಆರಿಹೋಗಿತ್ತು.

ನಂಜನಗೂಡಿನಲ್ಲಿ ಶಿವಮಲ್ಲಪ್ಪನವರು ಆ ಲಡಿಯನ್ನೂ ತಾವು ಮಿಲಾನಿನಿಂದ ತಂದ ಲಡಿಯನ್ನೂ ಪಕ್ಕಪಕ್ಕದಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿದರು. "ಅವರದು ಇನ್ನೂ ಒಂದು ಕೈ ಮೇಲೇ ವೆಂಕಟಮ್ಮ. ಗೂಡೇ ಬೇರೆ ಅವರದು, ದೊಡ್ಡದು. ಆದ್ರೆ ಇದು ದುಂಡಗದೆ. ನಮ್ಮ ಕಡೆ ನೂಲು ಇಷ್ಟು ದುಂಡಗಿರೋದನ್ನ ನಾನು ಕಂಡಿಲ್ಲ." ಅವರು ಭೂತಗನ್ನಡಿ ಕೆಳಗಿಟ್ಟರು. "ನಾನು ಅರ್ಧ ನೋಡ್ಕೊಂಡು ಬಂದೆ. ಮಿಕ್ಕಿದ್ದು ನೀ ಕೂತಲ್ಲಿಂದಲೇ ನೋಡಿದೆ."

"ಇದ್ನ ಅವ್ಳಿಗೆ ಕಳಿಸ್ಬೇಕು," ಎಂದಳು ವೆಂಕಟಮ್ಮ.

"ಯಾರಿಗೆ?"

"ಬಾಗ್ಲಿಂದ ಮೂರ್ನೇ ಬೋಗುಣಿಯೋಳ್ಗೆ. ತೋರ್ಸಾಕೆ ಅಂತ ಅಲ್ವಾ ಅಷ್ಟು ದೊಡ್ಡ ಮನೆ ಕಟ್ಟಿರಾದು? ಕಲ್ತಿದ್ದು ಅವ್ಳಿಗೂ ಗೊತ್ತಾಗ್ಲಿ."

ಶಿವಮಲ್ಲಪ್ಪನವರು ಆಗ ಹೇಳಬೇಕಾಯಿತು. ಆ ಮನೆಗಳು ಏಳು ತಿಂಗಳಿಗೆಂದೇ ಕಟ್ಟಿದವು. ತಾವು ಹೊರಡುವ ವಾರವೇ ಆಳುಗಳು ಬಂದು ಕೆಡವಲು ಶುರುಮಾಡಿದ್ದರು. ಮೀನಿನ ಮನೆಯೊಂದನ್ನು ಮಾತ್ರ ಉಳಿಸಿಕೊಂಡರಂತೆ. ವೆಂಕಟಮ್ಮ ನಂಬಲಾರದೆ ಮತ್ತೆ ಮತ್ತೆ ಕೇಳಿದಳು. ಗುಡಿಯಷ್ಟು ಉದ್ದದ ಮನೆ, ಏಳೇ ತಿಂಗಳು? ಆಮೇಲೆ ಆ ಬಯಲಲ್ಲಿ ಏನಿದೆ? ಬೋಗುಣಿಗಳನ್ನು ಯಾರು ಒಯ್ದರು? ಆ ಹೆಂಗಸು ಈಗ ಎಲ್ಲಿ ಕೂತು ನೂಲು ತೆಗೆಯುತ್ತಾಳೆ?

ಶಿವಮಲ್ಲಪ್ಪನವರು ಬೆಂಗಳೂರಿನ ಕಂಪನಿಯ ಗುಮಾಸ್ತರಿಗೆ ಕಾಗದ ಹಾಕಿದರು. ಗುಮಾಸ್ತರು ಮಿಲಾನಿಗೆ ಬರೆದರು.

ಅಷ್ಟರಲ್ಲಿ ಮೂಗೂರಿನ ಆರು ಮನೆಗಳಿಗೆ ಹಾಲೆಮರದ ಗಾಲಿ ಬಂದಿದ್ದವು. ಪಕ್ಕದ ಮನೆಯ ಚಿಕ್ಕಬಸಮ್ಮ ಐವತ್ತೈದು ಸುತ್ತೇ ಸರಿ ಎಂದು ಹಟ ಹಿಡಿದಳು. ಅವಳ ನೀರಿಗೆ ಅದೇ ಸರಿಯಿತ್ತು. ಯಾಕೆ ಎಂದು ತಿಳಿಯಲು ವೆಂಕಟಮ್ಮ ಎರಡು ವಾರ ಅವಳ ಬಾವಿಯ ನೀರನ್ನೇ ತನ್ನ ಬೋಗುಣಿಗೆ ಹೊತ್ತಳು.

ಮುಂಗಾರಿನ ಹೊತ್ತಿಗೆ ಉತ್ತರ ಬಂತು. ಶಿವಮಲ್ಲಪ್ಪನವರು ಗಾಡಿಯಲ್ಲಿ ಬಂದು, ಅದೇ ಜಗಲಿಯ ಮೇಲೆ ಕೂತು ಓದಿ ಹೇಳಿದರು. ಅಂಥ ಹೆಂಗಸನ್ನು ಹುಡುಕುವುದು ಸಾಧ್ಯವಿಲ್ಲ. ಸುತ್ತಮುತ್ತಲ ಹಳ್ಳಿಗಳ ನೂಲಿನ ಕಾರ್ಖಾನೆಗಳಿಂದ ಸರದಿಯಂತೆ ಕರೆತಂದವರು ಅವರು. ಅವಳಂತೆ ನೂಲು ತೆಗೆಯುವ ಹೆಂಗಸರು ಆ ಸೀಮೆಯಲ್ಲಿ ಸಾವಿರಾರು ಜನ ಇದ್ದಾರೆ.

ಶಿವಮಲ್ಲಪ್ಪನವರು ಕಾಗದ ಮಡಿಸಿದರು.

"ಸಾವ್ರಾರು ಜನ್ವಾ?"

"ಹಂಗಂತ ಬರೆದವ್ರೆ."

"ಎಲ್ಲಾರ್ಗೂ ಈ ಉರಿ ಗೊತ್ತಾ?"

"ಗೊತ್ತಿರಲೇಬೇಕಲ್ಲ."

"ಅಂಗಾರೆ ಅವ್ರಲ್ಲಿ ಯಾರಿಗಾರ ಒಬ್ಬಳ್ಗೆ ಕೊಡಿ ಅಂತ ಬರೀರಿ," ಎಂದು ಅವಳು ಒಳಗೆ ಹೋಗಿ, ಮಡಿ ಬಟ್ಟೆಯಲ್ಲಿ ಲಡಿಯನ್ನು ಸುತ್ತಿ ತಂದು ಅವರ ಕೈಗಿಟ್ಟಳು. "ನೋಡಿದ್ರೆ ಅವ್ರಿಗೆ ತಿಳೀತದೆ."